ಮೆಟ್ಟಿಲ ಕೆಳಗಿನ ಕಟ್ಟು

ನಮ್ಮ ಕಾಲೇಜಿನ ಅಟೆಂಡರನ ಎದುರು ಐದು ನಿಮಿಷ ಅಲ್ಲಾಡದೆ ನಿಲ್ಲುವ ಹಾಗಿರಲಿಲ್ಲ. ನಿಂತರೆ ನಿಮಗೂ ಗೋಂದು ಹಚ್ಚಿ ಯಾವುದಾದರೂ ಗೋಡೆಗೆ ಅಂಟಿಸಿಬಿಡುವ ಆಸಾಮಿ! ಉತ್ಪ್ರೇಕ್ಷೆ ಅಂದಿರಾ? ನಮ್ಮ ಸಂಸ್ಕೃತ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಒಂದು ಗಳಿಗೆ ಕಣ್ಣುಮುಚ್ಚಿದ್ದರು, ಅಷ್ಟೇ. ಅವರ ಹಳೇ ಛತ್ರಿ ಮಾಯವಾಗಿ ಮಾರನೆಯ ದಿನ ಲೈಬ್ರರಿ ಬಾಗಿಲಲ್ಲಿ ನವಿಲಾಗಿ ನಿಂತಿತ್ತು. ಅವರು ಹೋಗಿ ಜಗಳ ತೆಗೆದರೆ, "ಅದು ಮಳೆ ತಡೀತಿತ್ತಾ ಸಾ? ಈಗ ನೋಡಿ, ಜನ ನಿಂತು ನೋಡ್ತಾವ್ರೆ" ಅಂದ.

ಇದು ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ನಾನು ಅರಸೀಕೆರೆಯ ಕಾಲೇಜೊಂದರಲ್ಲಿ ಕನ್ನಡ ಅಧ್ಯಾಪಕ. ಆತ ಹಳೇಬೀಡಿನ ಪಕ್ಕದ ಹಳ್ಳಿಯವನು, ಜಾವಗಲ್ ಮೇಲೆ ಬರುವ ಬೆಳಗಿನ ಬಸ್ಸಿನಲ್ಲಿ ದಿನಾ ಬಂದಿಳಿಯುತ್ತಿದ್ದ. ಹನ್ನೊಂದು ವರ್ಷದಿಂದ ಹಂಗಾಮಿ. ಆ ವರ್ಷ ಖಾಯಂ ಆಗುತ್ತದೆ ಎಂದು ಆಫೀಸಿನಲ್ಲಿ ಗುಸುಗುಸು ಇತ್ತು. ಖಾಯಂ ಆದರೆ ಮನೆಗೆ ಹೆಂಚು ಹೊದಿಸುತ್ತೇನೆ ಎಂದು ಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ.

ಗುಡಿಯ ಗೋಡೆಯ ಆನೆಸಾಲು ನೋಡುತ್ತಾ ಬೆಳೆದವನಲ್ಲವೇ? ನಮ್ಮ ಸೈಕಲ್ ಸ್ಟ್ಯಾಂಡಿನ ಗೋಡೆಗೂ ಒಂದು ಆನೆಸಾಲು ಬಂತು. ಮೈಗೆ ತೆಂಗಿನ ಚಿಪ್ಪು, ಕಿವಿಗೆ ಸೈಕಲ್ ಟ್ಯೂಬು. ಪ್ರಾಂಶುಪಾಲರು ಬಂದು ನೋಡಿ, "ಏನಯ್ಯ, ಕಾಲೇಜಿನ ತುಂಬಾ ಹಂದಿ ನಿಲ್ಲಿಸಿದ್ದೀಯ?" ಅಂದರು. ಆತ ಕೈಕಟ್ಟಿಕೊಂಡು, "ಸೊಂಡಿಲು ನಾಳೆ ಬತ್ತೈತೆ ಸಾ" ಅಂದ. ಕಾಲೇಜಿನಿಂದ ಒಂದು ಚೂರು ಕಸವೂ ಹೊರಗೆ ಹೋಗಬಾರದು ಎಂಬುದು ಆತನ ಹಟ. ಹೊರಗೆ ಹಾಕಿದರೆ ಅದು ಇನ್ನೊಬ್ಬರ ಬಾಗಿಲಿಗೆ ಹೋಗುತ್ತದೆ, ಅಷ್ಟೇ ತಾನೇ ಎಂದು ನಮ್ಮನ್ನೇ ಕೇಳುತ್ತಿದ್ದ. ನಾವು ಓದಿದವರು, ನಕ್ಕು ಕ್ಲಾಸಿಗೆ ಹೋಗುತ್ತಿದ್ದೆವು.

ಆದರೆ ಆತನ ನಿಜವಾದ ಹುಚ್ಚು ಕಾಗದದ್ದು. ತಿದ್ದಿ ಮುಗಿದ ಉತ್ತರಪತ್ರಿಕೆಗಳನ್ನು ಕಟ್ಟು ಕಟ್ಟಿ ಮೆಟ್ಟಿಲ ಕೆಳಗೆ ಒಗೆಯುವುದು ನಮ್ಮ ಕಾಲೇಜಿನ ಪದ್ಧತಿ. ಆತ ಅವನ್ನು ಒಡಕು ಡ್ರಮ್ಮಿನಲ್ಲಿ ನೆನೆಸಿ, ರುಬ್ಬಿ, ಹಳೇ ಸೊಳ್ಳೆಪರದೆಯ ಮೇಲೆ ಹರವಿ ಒರಟು ಹಾಳೆ ಮಾಡುತ್ತಿದ್ದ. ಆ ಹಾಳೆಯ ಮೇಲೆ ಹುಡುಗರು ಕಥೆ, ಕವನ ಬರೆದು ಗೋಡೆಪತ್ರಿಕೆ ಹಚ್ಚುತ್ತಿದ್ದರು. ನೆನೆಸುವ ಮುಂಚೆ ಪ್ರತಿಯೊಂದು ಉತ್ತರವನ್ನೂ ಕೂತು ಓದುತ್ತಿದ್ದ! ಯಾಕಯ್ಯ ಅಂತ ಒಮ್ಮೆ ಕೇಳಿದೆ.

"ಓದ್ದೆ ನೆನೆಸ್ಬಾರ್ದು ಸಾ. ಪಾಪ, ಅವು ಕೈ ನೋಯ್ಸ್ಕಂಡು ಬರ್ದಿರ್ತವೆ."

ಇನ್ನು ನನ್ನ ವಿಷಯ. ಫೆಬ್ರವರಿಯಲ್ಲಿ ನಡೆದ ಕೊನೆಯ ಕಿರುಪರೀಕ್ಷೆಯ ಕಟ್ಟು ಮೂರು ವಾರ ನನ್ನ ಮೇಜಿನ ಮೇಲೆ ಬಿದ್ದಿತ್ತು. ತಿದ್ದಿರಲಿಲ್ಲ. ಒಂದು ಮಧ್ಯಾಹ್ನ ಊಟದ ಡಬ್ಬಿಗೆ ಜಾಗ ಸಾಲದೆ ಅದನ್ನೊಯ್ದು ಮೆಟ್ಟಿಲ ಕೆಳಗೆ ಇಟ್ಟು ಮರೆತುಬಿಟ್ಟೆ. ಪ್ರಾಂಶುಪಾಲರು ಅಂಕಪಟ್ಟಿ ಕೇಳಿದ ದಿನ ಓಡಿಹೋಗಿ ನೋಡಿದರೆ, ನನ್ನ ನಲವತ್ತಾರು ವಿದ್ಯಾರ್ಥಿಗಳು ಡ್ರಮ್ಮಿನಲ್ಲಿ ಗಂಜಿಯಾಗಿದ್ದರು.

"ಓದ್ತೀನಿ ಅಂತೀಯಲ್ಲಯ್ಯ! ಒಳಗೆಲ್ಲೂ ಕೆಂಪು ಇಂಕೇ ಇಲ್ಲ, ಇನ್ನೂ ತಿದ್ದಿಲ್ಲ ಅಂತ ಗೊತ್ತಾಗಲಿಲ್ವಾ?" ಎಂದು ಕೂಗಾಡಿದೆ.

ಆತ ಗಾಬರಿಯಿಂದ, ಒಂದಿಷ್ಟೂ ಕೊಂಕಿಲ್ಲದೆ ಹೇಳಿದ: "ನಿಮ್ ಕಟ್ಟಲ್ಲಿ ಯಾವತ್ತು ಕೆಂಪಿಂಕು ಇತ್ತು ಸಾ? ಅದ್ಕೇ ತಿದ್ದಾಗೈತೆ ಅಂದ್ಕಂಡೆ."

ನಿಜ. ಪತ್ರಿಕೆಯ ದಪ್ಪವನ್ನು ಎರಡು ಬೆರಳಲ್ಲಿ ಹಿಡಿದು ನೋಡಿ ನೇರ ರಿಜಿಸ್ಟರಿಗೆ ಅಂಕ ಹಾಕುವುದು ನನ್ನ ವಿಧಾನ. ಹನ್ನೆರಡು ವರ್ಷದಿಂದ ಯಾರೂ ಕಂಡುಹಿಡಿದಿರಲಿಲ್ಲ!

ಪ್ರಾಂಶುಪಾಲರ ಕೋಣೆಯಲ್ಲಿ ಇಬ್ಬರೂ ನಿಂತೆವು. "ಅದು ಮೆಟ್ಟಿಲ ಕೆಳಕ್ಕೆ ಹೇಗೆ ಹೋಯಿತು?" ಎಂದು ಅವರು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಆತ, "ನಂದೇ ತಪ್ಪು ಸಾ. ಕೇಳ್ದೆ ಎತ್ಕಂಡೆ" ಅಂದುಬಿಟ್ಟ. ನಾನು ತಲೆ ಎತ್ತಿ ಫ್ಯಾನು ನೋಡಿದೆ. ಅದು ತಿರುಗುತ್ತಲೂ ಇರಲಿಲ್ಲ. ವಾರ ಕಳೆಯುವುದರೊಳಗೆ ಆತನನ್ನು ಕೆಲಸದಿಂದ ತೆಗೆದರು. ಸೈಕಲ್ ಸ್ಟ್ಯಾಂಡಿನ ಆನೆಗಳನ್ನು ಕಿತ್ತು ಸುಟ್ಟರು. ಅಂಕವನ್ನು ಹೇಗಾದರೂ ಹೊಂದಿಸಿ ಕೊಡಿ, ಹುಡುಗರಿಗೆ ತಿಳಿಯುವುದು ಬೇಡ ಎಂದು ನನಗೆ ಹೇಳಿದರು.

ಆತ ಹೊರಟ ದಿನ ಬಸ್ ಸ್ಟ್ಯಾಂಡಿಗೆ ಹೋದೆ. ಬೈಸಿಕೊಳ್ಳಲೆಂದೇ ಹೋಗಿದ್ದೆ. ಆತ ಬೈಯಲಿಲ್ಲ. ಚೀಲದಿಂದ ದಾರದಲ್ಲಿ ಹೊಲಿದ ಒಂದು ಒರಟು ಪುಸ್ತಕ ತೆಗೆದು ಕೊಟ್ಟ. ಒಂದರಿಂದ ನಲವತ್ತಾರರವರೆಗೆ ನಂಬರು, ಎದುರಿಗೆ ದಪ್ಪ ಅಕ್ಷರ. ಏಳು: ಪದ್ಯದ ಅರ್ಥ ಸರಿಯಾಗೈತೆ, ಮೂರನೇ ಪ್ರಶ್ನೆ ಮುಟ್ಟಿಲ್ಲ. ಹತ್ತೊಂಬತ್ತು: ಇಪ್ಪತ್ತರವನನ್ನು ನೋಡಿ ಬರೆದವನೆ, ತಪ್ಪು ಸಮೇತ.

"ಓದಿದ್ರಲ್ಲಿ ನೆಪ್ಪಿರೋಷ್ಟು ಬರ್ದಿವ್ನಿ ಸಾ. ಮಕ್ಳಿಗೆ ಅನ್ಯಾಯ ಆಗ್ಬಾರ್ದು."

"ನಾನು ಈಗಲೇ ಹೋಗಿ ನಿಜ ಹೇಳ್ತೀನಿ ಕಣಯ್ಯ" ಅಂದೆ.

"ಬ್ಯಾಡ ಬುಡಿ. ನಿಮ್ಗೂ ಬೈತಾರೆ, ನನ್ನೂ ವಾಪಸ್ ಕರ್ಯಾಕಿಲ್ಲ. ಬತ್ತೀನಿ ಸಾ" ಎಂದು ಬಸ್ಸು ಹತ್ತಿದ. ನನಗೆ ಆದದ್ದು ಸಮಾಧಾನ. ಹೌದು, ಸಮಾಧಾನವೇ! ಇವತ್ತಿಗೂ ನನಗೆ ನಾಚಿಕೆಯಾಗುವುದು ಅದಕ್ಕೇ.

ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತು ಇಡೀ ಪುಸ್ತಕ ಓದಿದೆ. ನಲವತ್ತೊಂದನೆಯದು ಬಾಣಾವರದಿಂದ ರೈಲಿನಲ್ಲಿ ಬರುವ ಹುಡುಗಿಯದು. 'ಎಲ್ಲಾ ಚೆನ್ನಾಗಿ ಬರೆದವಳೆ. ಕೊನೆ ಪುಟದಲ್ಲಿ ಮನೇಲಿ ಓದು ಬಿಡಿಸ್ತಾರೆ, ಇದೇ ನನ್ನ ಕೊನೇ ಪರೀಕ್ಷೆ ಅಂತ ನಿಮಗೆ ಬರೆದವಳೆ. ಅವರಪ್ಪನ್ನ ಕಂಡು ಮಾತಾಡಿ ಸಾ.'

ಆ ಭಾನುವಾರ ಬಾಣಾವರಕ್ಕೆ ಹೋದೆ. ಅವಳ ಅಪ್ಪ ಒರಟನೇನಲ್ಲ. ಒಂದು ಗಂಟೆ ಮಾತಾಡಿದ ಮೇಲೆ, ಪದವಿ ಮುಗಿಯುವವರೆಗೆ ಕಳಿಸುತ್ತೇನೆ ಎಂದು ಒಪ್ಪಿಕೊಂಡ. ಹೊರಡುವಾಗ ಹುಡುಗಿ ಬಾಗಿಲವರೆಗೆ ಬಂದಳು. ಕಣ್ಣು ತುಂಬಿತ್ತು.

"ಅದನ್ನ ಯಾರೂ ಓದಲ್ಲ ಅಂದ್ಕೊಂಡೇ ಬರೆದಿದ್ದೆ ಸಾರ್. ನೀವು ಓದಿದ್ರಾ?"

ಆತನ ಕೆಲಸ ಕಳೆದಾಗಿತ್ತು. ಓದಿದ ಹೆಸರೊಂದನ್ನಾದರೂ ಆತನಿಗೇ ಬಿಡಬಹುದಿತ್ತು.

"ಹೂಂ ಕಣಮ್ಮ, ಓದಿದೆ" ಅಂದೆ.