ತಕ್ಕಡಿ ಸಾಹೇಬರ ವಂಶವೃಕ್ಷ

ತಕ್ಕಡಿ ಸಾಹೇಬರಿಗೆ ಆರು ತಿಂಗಳೊಳಗೆ ಒಂದು ಮಗುವಾಗಲೇಬೇಕಿತ್ತು. ಅವರಿಗಾಗಲೇ ಅರವತ್ತು ದಾಟಿತ್ತು. (ಹುಬ್ಬೇರಿಸಬೇಡಿ. ಸ್ವಂತ ಮಗಳು ಮದುವೆಯಾಗಿ ಗಂಡನ ಜೊತೆ ಸುಖವಾಗಿದ್ದಾಳೆ. ಇದು ಬೇರೆ ಥರದ ಮಗುವಿನ ವಿಷಯ.)

ಸಾಹೇಬರು ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರಾಗಿ ಮೂವತ್ತೆರಡು ವರ್ಷ ದುಡಿದು ನಿವೃತ್ತರಾದವರು. ಊರಿನ ಅಂಗಡಿಗಳ ತಕ್ಕಡಿಗಳೆಲ್ಲ ಅವರ ಹೆಸರು ಕೇಳಿದರೆ ನಡುಗುತ್ತಿದ್ದವು. ಒಂದು ಕಪ್ ಚಹಾ ಕೂಡ ಯಾರ ಹತ್ತಿರವೂ ಪುಕ್ಕಟೆ ಕುಡಿದವರಲ್ಲ. ಆದರೆ ಆ ಮೂವತ್ತೆರಡು ವರ್ಷಗಳಲ್ಲಿ ಅವರು ಕೇಳಿಸಿಕೊಂಡ ಮಾತು ಎರಡೇ: ‘ತಪ್ಪಾಯ್ತು ಸಾರ್’, ‘ಈ ಸಲ ಬಿಟ್ಬಿಡಿ ಸಾರ್’. ತಾವು ಮಾತಾಡುವಾಗ ಜನ ಬಾಯಿಬಿಟ್ಟುಕೊಂಡು ಕೇಳಬೇಕು, ಚಪ್ಪಾಳೆ ತಟ್ಟಬೇಕು ಅನ್ನುವ ಆಸೆ ಅವರ ಹೊಟ್ಟೆಯೊಳಗೆ ಇತ್ತು ಅನ್ನುವುದು ಅವರಿಗೇ ಗೊತ್ತಿರಲಿಲ್ಲ. ಅದನ್ನು ಕಂಡುಹಿಡಿದವನು ಸಲೂನಿನವನು.

ಈ ಸಲೂನಿನವನ ಪ್ರತಿಭೆಯನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಬಟ್ಟೆ ತೊಳೆಯುವ ಪುಡಿಯ ಒಂದು ಕಂಪನಿಯ ನೆಟ್‌ವರ್ಕ್ ಮಾರ್ಕೆಟಿಂಗಿನಲ್ಲಿ ಅವನು ಸದಸ್ಯ. ಬೇರೆ ಸದಸ್ಯರು ಮನೆಮನೆ ಅಲೆದು ಬಾಗಿಲು ಮುಚ್ಚಿಸಿಕೊಳ್ಳುತ್ತಿದ್ದರೆ ಇವನ ಶ್ರೋತೃಗಳು ತಾವಾಗಿಯೇ ಬಂದು, ಕುರ್ಚಿಯಲ್ಲಿ ಕೂತು, ಕುತ್ತಿಗೆ ಮೇಲೆತ್ತಿ ಕೊಡುತ್ತಿದ್ದರು. ಗಂಟಲ ಮೇಲೆ ಕತ್ತಿ ಓಡಾಡುತ್ತಿರುವಾಗ ‘ಬೇಡ’ ಎಂದು ತಲೆ ಅಲ್ಲಾಡಿಸುವ ಧೈರ್ಯ ಯಾರಿಗಿದೆ? ಸಾಹೇಬರು ಅರ್ಜಿಗೆ ಸಹಿ ಹಾಕಿದಾಗ ಅವರ ಬಲಗೆನ್ನೆಯ ಮೇಲೆ ಇನ್ನೂ ನೊರೆ ಇತ್ತು.

ಆ ಕಂಪನಿಯದು ಕುಟುಂಬ ಪದ್ಧತಿ. ನಿಮ್ಮನ್ನು ಸೇರಿಸಿದವರು ನಿಮ್ಮ ‘ತಂದೆ’ ಅಥವಾ ‘ತಾಯಿ’. ನೀವು ಸೇರಿಸಿದವರು ನಿಮ್ಮ ‘ಮಕ್ಕಳು’. ಆ ಮಕ್ಕಳು ಸೇರಿಸಿದವರು ‘ಮೊಮ್ಮಕ್ಕಳು’. ಹತ್ತು ಮಕ್ಕಳು, ಮೂವತ್ತು ಮೊಮ್ಮಕ್ಕಳಾದರೆ ಸಮಾವೇಶದ ವೇದಿಕೆಗೆ ಕರೆದು, ಹಾರ ಹಾಕಿ, ‘ನನ್ನ ಯಶಸ್ಸಿನ ಗುಟ್ಟು’ ಎಂಬ ವಿಷಯದ ಮೇಲೆ ಹತ್ತು ನಿಮಿಷ ಮಾತಾಡಲು ಮೈಕು ಕೊಡುತ್ತಾರೆ. ಆರು ತಿಂಗಳಲ್ಲಿ ಒಂದು ಮಗುವೂ ಆಗದಿದ್ದರೆ ಸದಸ್ಯತ್ವ ರದ್ದು. ಸಾಹೇಬರಿಗೆ ಬೇಕಾಗಿದ್ದದ್ದು ಆ ಮೈಕು. ಸೇರಿದ ದಿನವೇ ಭಾಷಣ ಬರೆದಿಟ್ಟುಕೊಂಡರು. ಓದಿದರೆ ನಲವತ್ತು ನಿಮಿಷ ಆಗುತ್ತಿತ್ತು.

ಅವರ ಮನೆಯಾಕೆ, ಊರವರ ಬಾಯಲ್ಲಿ ‘ಅಮ್ಮಾವರು’, ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಹಳೇ ಬಟ್ಟೆ ಸರಿಮಾಡಿ ಕೊಡುತ್ತಿದ್ದರು. ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಸೊಂಟ ಬಿಡಿಸುವುದು, ಕೆಟ್ಟ ಜಿಪ್ಪು ಬದಲಾಯಿಸುವುದು. ಗಂಡ ಅಂಗಡಿಗಳ ಅಳತೆ ನೋಡಿದರೆ ಹೆಂಡತಿ ಅಂಗಡಿಯವರ ಅಳತೆ ನೋಡುತ್ತಿದ್ದರು. ಮನೆಯಲ್ಲಿ ಹೊಸ ಉದ್ಯಮ ಶುರುವಾದದ್ದು ಕಂಡು ಅವರೂ ಉತ್ಸಾಹದಿಂದಲೇ ಕೇಳಿದರು.

“ರೀ, ನನ್ನನ್ನೂ ಸೇರಿಸ್ಕೊಳ್ಳಿ. ನಿಮ್ಮ ಕೆಳಗೇ ಬರೀರಿ. ಒಂದು ಮಗು ಆದ ಹಾಗೂ ಆಗುತ್ತೆ, ಆರು ತಿಂಗಳ ಚಿಂತೆನೂ ತಪ್ಪುತ್ತೆ.”

“ಏನಂದೆ? ಕಟ್ಕೊಂಡ ಹೆಂಡ್ತಿನ ಮಗಳು ಅಂತ ಬರೆದು ಕೆಳಗೆ ಸಹಿ ಹಾಕ್ಲಾ?”

“ಅಯ್ಯೋ, ಅದು ಕಂಪನಿಯವರು ಸುಮ್ನೆ ಇಟ್ಟಿರೋ ಹೆಸರು ರೀ.”

“ಸುಮ್ನೆ ಅಲ್ಲ ಕಣೇ, ಮುದ್ರಿತ ಅರ್ಜಿ ಅದು! ‘ಮೇಲ್ಕಂಡ ವಿವರಗಳು ಸತ್ಯವೆಂದು ಪ್ರಮಾಣೀಕರಿಸುತ್ತೇನೆ’ ಅಂತ ಕೆಳಗಿದೆ, ಓದು. ಮೂವತ್ತೆರಡು ವರ್ಷದಲ್ಲಿ ಒಂದೇ ಒಂದು ಸುಳ್ಳು ದಾಖಲೆಗೆ ಸಹಿ ಹಾಕಿದವನಲ್ಲ ನಾನು.”

ಹಾಗಾಗಿ ಅಮ್ಮಾವರ ಅರ್ಜಿಯಲ್ಲಿ ‘ತಂದೆ-ಸದಸ್ಯರು’ ಎಂಬ ಜಾಗದಲ್ಲಿ ಸಾಹೇಬರು ತಮ್ಮ ಸುಂದರವಾದ ಅಕ್ಷರಗಳಲ್ಲಿ ಸಲೂನಿನವನ ಹೆಸರು ಬರೆದರು. ಅಮ್ಮಾವರು ಅದನ್ನು ಗಂಡನ ಅರ್ಜಿಯ ಪಕ್ಕ ಇಟ್ಟು ನೋಡಿದರು.

“ನಿಮಗೂ ಅವನೇ ತಂದೆ, ನನಗೂ ಅವನೇ ತಂದೆ. ಹಾಗಾದ್ರೆ ನಾವಿಬ್ಬರೂ ಅಣ್ಣ-ತಂಗಿ ಆದ್ವಲ್ಲ ರೀ?”

ಸಾಹೇಬರಿಗೆ ಇದು ಹೊಳೆದಿರಲಿಲ್ಲ. “ಅದನ್ನ ಎಲ್ಲೂ ಬರೆದು ಸಹಿ ಮಾಡ್ಬೇಕಾಗಿಲ್ಲ,” ಎಂದು ಕಾನೂನಿನ ಆಸರೆ ಪಡೆದು ಎದ್ದುಹೋದರು.

ಕಂಪನಿಯ ಮೊದಲ ಪಾಠ: ‘ನಿಮಗೆ ಗೊತ್ತಿರುವ ನೂರು ಜನರ ಪಟ್ಟಿ ಮಾಡಿ.’ ಬೇರೆಯವರು ಮೂವತ್ತಕ್ಕೆ ಬಂದು ಪೆನ್ನು ಕಚ್ಚುತ್ತಾರೆ. ಸಾಹೇಬರು ಒಂದೇ ಏಟಿಗೆ ನಾನೂರು ಹೆಸರು ಬರೆದರು, ಅದೂ ವಿಳಾಸ ಸಮೇತ. ಊರಲ್ಲಿ ಇಂಥ ಸಂಪರ್ಕ ಬೇರೆ ಯಾರಿಗಿದೆ ಎಂದು ಬೀಗಿದರು. ಆ ನಾನೂರು ಜನಕ್ಕೂ ತಾವು ಒಂದಲ್ಲ ಒಂದು ಸಲ ನೋಟೀಸು ಕೊಟ್ಟಿದ್ದೇವೆ ಅನ್ನುವ ಸಣ್ಣ ವಿಷಯ ಅವರ ಗಮನಕ್ಕೆ ಬರಲಿಲ್ಲ.

ಪಟ್ಟಿಯಲ್ಲಿ ಮೊದಲ ಹೆಸರು ಮೂಲೆಯ ಕಿರಾಣಿ ಅಂಗಡಿಯವನದು. ಸಾಹೇಬರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಚರ್ಮದ ಚೀಲ ಹಿಡಿದು ಮೆಟ್ಟಿಲು ಹತ್ತಿದರು. ಕಿರಾಣಿಯವನು ಎದ್ದು ನಿಂತ. ಸಾಹೇಬರು ಪುಡಿಯ ಮಹಿಮೆ, ಕಂಪನಿಯ ಇತಿಹಾಸ, ಕುಟುಂಬ ಪದ್ಧತಿಯ ತತ್ವ ಎಲ್ಲವನ್ನೂ ಮುಕ್ಕಾಲು ಗಂಟೆ ವಿವರಿಸಿದರು. ಅವನು ಕೈಕಟ್ಟಿಕೊಂಡು ನಿಂತೇ ಇದ್ದ, ಒಮ್ಮೆಯೂ ಕಣ್ಣು ಮಿಟುಕಿಸಲಿಲ್ಲ. ಇಂಥ ಶ್ರೋತೃ ಸಿಕ್ಕಿದ್ದಕ್ಕೆ ಸಾಹೇಬರ ಕಣ್ಣು ತುಂಬಿ ಬಂತು.

“ಏನಂತೀಯಪ್ಪ? ನಿನ್ನ ಅಭಿಪ್ರಾಯ?”

“ಹದಿನೈದು ದಿನ ಟೈಮ್ ಕೊಡಿ ಸಾರ್. ಎಲ್ಲಾ ಸರಿಮಾಡಿಸ್ತೀನಿ.”

“ಏನನ್ನ?”

“ನೀವು ಹೇಳಿದ್ದನ್ನ, ಸಾರ್.”

ಸಾಹೇಬರು ಸೋಲು ಒಪ್ಪುವ ಜಾತಿಯವರಲ್ಲ. “ಮಾತು ಬೇಡ, ಪರೀಕ್ಷೆ ಮಾಡಿ ನೋಡು. ಒಂದು ಕಿಲೋ ಅಂದ್ರೆ ಒಂದು ಕಿಲೋ. ತೂಗು!” ಎಂದು ತಮ್ಮ ಪ್ಯಾಕೆಟ್ಟನ್ನು ಅವನ ತಕ್ಕಡಿಯ ಮೇಲಿಟ್ಟರು. ಹನ್ನೆರಡು ಗ್ರಾಂ ಕಡಿಮೆ ತೋರಿಸಿತು. ತಕ್ಕಡಿಯನ್ನು ಒರೆಸಿ ಮತ್ತೆ ತೂಗಿದರು. ಹನ್ನೆರಡೇ. ಅಷ್ಟು ಸಾಕಿತ್ತು, ಸಾಹೇಬರ ಮುಖ ಕೆಂಪಾಯಿತು, ಕೈ ತಾನಾಗಿಯೇ ಜೇಬಿನ ಪೆನ್ನಿಗೆ ಹೋಯಿತು. “ಇದು ಶಿಕ್ಷಾರ್ಹ! ಇದನ್ನ ಮಾರ್ತಿರೋರು ಯಾರು?” ಎಂದು ಗುಡುಗಿದರು. ಆಮೇಲೆ ನೆನಪಾಗಿ, ಪ್ಯಾಕೆಟ್ಟನ್ನು ಚೀಲಕ್ಕೆ ಹಾಕಿಕೊಂಡು ಮೆಲ್ಲಗೆ ಮೆಟ್ಟಿಲಿಳಿದರು.

ಪಟ್ಟಿಯ ಮಿಕ್ಕ ಮುನ್ನೂರ ತೊಂಬತ್ತೊಂಬತ್ತು ಅಂಗಡಿಗಳಲ್ಲೂ ಹೆಚ್ಚುಕಡಿಮೆ ಇದೇ ಕಥೆ. ಚರ್ಮದ ಚೀಲ ಬೀದಿಯ ತುದಿಯಲ್ಲಿ ಕಾಣಿಸಿದರೆ ಸಾಕು, ಷಟರುಗಳು ದಡಬಡ ಕೆಳಗಿಳಿಯುತ್ತಿದ್ದವು. ಐದು ತಿಂಗಳು ಕಳೆದವು. ಮಗುವಿನ ಸುಳಿವೇ ಇಲ್ಲ.

ಅತ್ತ ಅಮ್ಮಾವರು ಏನು ಮಾಡುತ್ತಿದ್ದರು? ಏನೂ ಇಲ್ಲ. ಹೊಲಿಯುತ್ತಿದ್ದರು. ಅದೇ ಕಿರಾಣಿಯವನು ಮೊಣಕಾಲಿಗೆ ಪಟ್ಟಿ ಕಟ್ಟಿಕೊಳ್ಳಬೇಕೆಂದು ಪ್ಯಾಂಟು ಸಡಿಲ ಮಾಡಿಸಿಕೊಳ್ಳಲು ಬಂದ. ಅಮ್ಮಾವರು ಅವನನ್ನು ಕೂರಿಸಿ, ನೋವು ಯಾವಾಗಿನಿಂದ, ಮೆಟ್ಟಿಲು ಹತ್ತುವಾಗ ಹೆಚ್ಚೋ ಇಳಿಯುವಾಗ ಹೆಚ್ಚೋ ಎಂದು ವಿಚಾರಿಸಿದರು. ಮೊಣಕಾಲಿನಿಂದ ಅವನ ಅತ್ತಿಗೆಗೆ ಹೋಗಿ, ಅತ್ತಿಗೆಯಿಂದ ಅಂಗಡಿಗೆ ಬಂದು, ಅವನ ಮಾತೆಲ್ಲ ಖಾಲಿಯಾದ ಮೇಲೆ ಅವನೇ ಕೇಳಿದ, “ಅಮ್ಮಾ, ಆ ಮೂಲೇಲಿರೋದು ಸಾಹೇಬರು ಅವತ್ತು ತಂದಿದ್ದ ಪುಡೀನೇ ಅಲ್ವಾ?”

“ಅದೇ ಪುಡಿ. ಚೆನ್ನಾಗಿ ತೊಳೆಯುತ್ತಪ್ಪ. ಆದ್ರೆ ಕಿಲೋಗೆ ಹನ್ನೆರಡು ಗ್ರಾಂ ಕಮ್ಮಿ ಇರುತ್ತೆ. ನಿನ್ನ ಅಂಗಡೀಲೇ ನಮ್ಮ ಮನೆಯವರು ತೂಗಿದ್ದಾರಲ್ಲ. ಅದಕ್ಕೆ ನಾನು ಒಂದೊಂದು ಪ್ಯಾಕೆಟ್ ಜೊತೆ ಒಂದು ಚಮಚ ಪುಡಿ ಬೇರೆ ಕಟ್ಟಿಕೊಡ್ತೀನಿ.”

ಕಿರಾಣಿಯವನು ಬೆರಗಾಗಿ ನೋಡಿದ. ತನ್ನ ಮಾಲಿನ ಕೊರತೆಯನ್ನು ತಾನೇ ಹೇಳುವ ವ್ಯಾಪಾರಿಯನ್ನು ಅವನು ಕನ್ನಡಿಯಲ್ಲಿ ಕೂಡ ಕಂಡಿರಲಿಲ್ಲ. ಮೇಲಾಗಿ, ತೂಗಿದವರು ತಕ್ಕಡಿ ಸಾಹೇಬರು! ಊರಲ್ಲಿ ಇದಕ್ಕಿಂತ ದೊಡ್ಡ ಮುದ್ರೆ ಯಾವುದಿದೆ? ಅಲ್ಲೇ ಅರ್ಜಿ ತುಂಬಿ ಅಮ್ಮಾವರ ಮಗನಾದ. ಅವನ ಹಿಂದೆ ಅವನ ಅತ್ತಿಗೆ, ಹಾರ್ಡ್‌ವೇರಿನವನು, ಬೇಕರಿಯವನು, ಹಣ್ಣಿನಂಗಡಿಯಾಕೆ ಸಾಲಾಗಿ ಬಂದರು. ಸಾಹೇಬರ ಪಟ್ಟಿಯ ಹೆಸರುಗಳೇ ಒಂದೊಂದಾಗಿ ಹೆಂಡತಿಯ ವಂಶವೃಕ್ಷದಲ್ಲಿ ಚಿಗುರತೊಡಗಿದವು. ನಿಜ ಹೇಳಬೇಕೆಂದರೆ ಸಾಹೇಬರಿಗೆ ಹೊಟ್ಟೆಕಿಚ್ಚಾಯಿತು. ಆದರೆ ಹೊಲಿಗೆ ಕೋಣೆಯ ಪರದೆಯ ಹಿಂದೆ ಕೂತು ಕೇಳುತ್ತಾ ಕೇಳುತ್ತಾ ಹೊಟ್ಟೆಕಿಚ್ಚಿಗಿಂತ ಆಶ್ಚರ್ಯವೇ ದೊಡ್ಡದಾಯಿತು. ಮೂವತ್ತೈದು ವರ್ಷ ಜೊತೆಗಿದ್ದರೂ ಈ ವಿದ್ಯೆ ಇವಳಲ್ಲಿ ಇದೆ ಎಂದು ತಮಗೇಕೆ ತಿಳಿಯಲಿಲ್ಲ?

ಸಮಾವೇಶದ ದಿನ ಬಂತು. ಬಾಗಿಲಲ್ಲಿ ಮೇಜು ಹಾಕಿಕೊಂಡು ಕೂತಿದ್ದ ಹುಡುಗಿ ಪುಸ್ತಕ ತಿರುವಿ ನೋಡಿ, “ಕ್ಷಮಿಸಿ ಸಾರ್, ನಿನ್ನೆಗೆ ಆರು ತಿಂಗಳು ಮುಗೀತು. ನಿಮಗೆ ಸಂತಾನ ಇಲ್ಲ,” ಎಂದು ಎಲ್ಲರೆದುರು ಹೇಳಿ, ಅವರ ಸದಸ್ಯತ್ವದ ಬಿಲ್ಲೆ ವಾಪಸು ಪಡೆದು, ‘ಸದಸ್ಯರ ಪತಿ’ ಎಂದು ಬರೆದ ಚೀಟಿಯನ್ನು ಜೇಬಿಗೆ ಅಂಟಿಸಿದಳು. ಆ ಚೀಟಿ ಅಂಟಿಸಿಕೊಂಡೇ ಸಾಹೇಬರು ಹಿಂದಿನ ಸಾಲಿನಲ್ಲಿ ಕೂತರು. ವೇದಿಕೆಯ ಮೇಲೆ ಸಲೂನಿನವನಿಗೆ ಹಾರ ಬಿತ್ತು. ಅಮ್ಮಾವರ ವಂಶವೆಲ್ಲ ಅವನದೇ ತಾನೇ? ಸಾಹೇಬರು ಸತ್ಯಸಂಧತೆಯಿಂದ ಧಾರೆಯೆರೆದು ಕೊಟ್ಟದ್ದು.

ಹತ್ತು ಮಕ್ಕಳು, ಮೂವತ್ತು ಮೊಮ್ಮಕ್ಕಳ ಲೆಕ್ಕ ಮುಟ್ಟಿದ್ದ ಅಮ್ಮಾವರ ಸರದಿ ಬಂತು. ಹತ್ತು ನಿಮಿಷದ ಮೈಕನ್ನು ಒಂದೇ ನಿಮಿಷದಲ್ಲಿ ಮುಗಿಸಿದರು.

“ನನಗೆ ಗುಟ್ಟು ಗಿಟ್ಟು ಏನೂ ಗೊತ್ತಿಲ್ಲ. ಬಂದವರನ್ನ ಕೂರಿಸಿ ‘ಹೇಗಿದ್ದೀರಿ’ ಅಂತೀನಿ. ಅವರು ಹೇಳ್ತಾರೆ, ನಾನು ಪೂರ್ತಿ ಕೇಳ್ತೀನಿ. ಅಷ್ಟೇ.”

ಚಪ್ಪಾಳೆಗೆ ಛಾವಣಿ ಹಾರುವಂತಾಯಿತು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಹಿಂದಿನ ಸಾಲಿನ ಸದಸ್ಯರ ಪತಿ. ಅವರಿಗೆ ಹೆಮ್ಮೆಯೂ ಆಗಿತ್ತು, ನಾಚಿಕೆಯೂ ಆಗಿತ್ತು. ತಾವು ಇಷ್ಟು ವರ್ಷ ಯಾರನ್ನಾದರೂ ‘ಹೇಗಿದ್ದೀರಿ’ ಎಂದು ಕೇಳಿದ್ದುಂಟೇ ಎಂದು ನೆನಪು ಮಾಡಿಕೊಂಡರು. ಒಬ್ಬರೂ ನೆನಪಿಗೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಚೀಲವಿಲ್ಲದೆ, ಬರಿಗೈಯಲ್ಲಿ ಕಿರಾಣಿ ಅಂಗಡಿಗೆ ಹೋದರು. ಗಂಟಲು ಸರಿಮಾಡಿಕೊಂಡರು.

“ಏನಪ್ಪಾ, ಹೇಗಿದ್ದೀಯ? ಮೊಣಕಾಲು ಹೇಗಿದೆ?”

ಕಿರಾಣಿಯವನ ಕೈಯಿಂದ ಸೇರು ಕೆಳಗೆ ಬಿತ್ತು. “ಮೊಣಕಾಲಿಗೂ ನಿಮ್ಮ ಇಲಾಖೆ ಬಂತಾ ಸಾರ್?”

“ಇಲ್ಲಪ್ಪಾ, ಸುಮ್ನೆ ಕೇಳ್ದೆ,” ಎಂದು ಸಾಹೇಬರು ಅಕ್ಕಿ ಮೂಟೆಯ ಮೇಲೆ ಕೂತರು. ಅವನು ಸೇರನ್ನು ಎತ್ತಿ ಒರೆಸತೊಡಗಿದ. ಸಾಹೇಬರೇ ಶುರುಮಾಡಿದರು. ಬಿಲ್ಲೆ ಕಿತ್ತುಕೊಂಡದ್ದು, ನಲವತ್ತು ನಿಮಿಷದ ಭಾಷಣ ಹಾಗೇ ಉಳಿದದ್ದು, ನಿವೃತ್ತಿಯಾದ ಮೇಲೆ ಹೊತ್ತೇ ಹೋಗದಿರುವುದು. ಕಿರಾಣಿಯವನು ತಲೆದೂಗುತ್ತಾ ಪೂರ್ತಿ ಕೇಳಿದ. ಎಲ್ಲ ಮುಗಿದ ಮೇಲೆ ಕೌಂಟರಿನ ಕೆಳಗಿಂದ ಒಂದು ಹಾಳೆ ತೆಗೆದ. “ಬೇಜಾರು ಮಾಡ್ಕೋಬೇಡಿ ಸಾರ್. ನನ್ನ ಕೆಳಗೆ ಬಂದ್ಬಿಡಿ.” ಹಗುರಾಗಿದ್ದ ಮನಸ್ಸಿನಲ್ಲಿ ಸಾಹೇಬರು ಎಲ್ಲಿ ತೋರಿಸಿದನೋ ಅಲ್ಲಿ ಸಹಿ ಹಾಕಿದರು.

ಮನೆಗೆ ಬಂದು ಅರ್ಜಿಯ ಪ್ರತಿಯನ್ನು ಹೆಮ್ಮೆಯಿಂದ ಹೆಂಡತಿಯ ಕೈಗಿಟ್ಟರು. ಅಮ್ಮಾವರು ಕನ್ನಡಕ ಏರಿಸಿಕೊಂಡು ಓದಿದರು. ‘ತಂದೆ-ಸದಸ್ಯರು’ ಎಂಬಲ್ಲಿಗೆ ಬಂದು ನಿಂತರು. ಒಂದು ಬೆರಳು ಮಡಿಚಿದರು, ಇನ್ನೊಂದು ಬೆರಳು ಮಡಿಚಿದರು.

“ಕಿರಾಣಿಯವನು ನನ್ನ ಮಗ. ನೀವು ಅವನ ಮಗ. ವಿವರ ಎಲ್ಲಾ ಸತ್ಯ ಅಂತ ನೀವೇ ಸಹಿ ಮಾಡಿದ್ದೀರಿ ತಾನೇ?”

ಸಾಹೇಬರು ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಸಹಿ ಅವರದೇ.

ಮೂವತ್ತೈದು ವರ್ಷ ‘ರೀ’ ಬಿಟ್ಟು ಬೇರೇನೂ ಕರೆಯದ ಅಮ್ಮಾವರು ಅಂದು ಮೊದಲ ಬಾರಿಗೆ ಏಕವಚನಕ್ಕಿಳಿದು, ಗಂಡನ ಕೆನ್ನೆಯನ್ನು ಮೆಲ್ಲಗೆ ತಟ್ಟಿದರು.

“ಬಾ ಮರಿ, ಅಜ್ಜಿ ಪಕ್ಕ ಕೂತ್ಕೋ. ಹೇಗಿದ್ದೀಯ, ಹೇಳು.”