ಹುಳದ ಸಾಹೇಬರ ಕೈರುಚಿ

"ಇನ್ನು ಮುಂದೆ ಈ ಜಗತ್ತಿನ ಯಾವ ಹುಳುವೂ ಎಲೆಗಾಗಿ ಬಾಯಿ ಬಿಡಬಾರದು!"

ಹುಳದ ಸಾಹೇಬರು ಹೀಗೆ ಘೋಷಿಸಿದ್ದು ಮಹಾಸಭೆಯಲ್ಲೇನೂ ಅಲ್ಲ, ಹೆಂಡತಿ ಬಡಿಸಿದ ತಟ್ಟೆಯ ಮುಂದೆ! ಅವರಿಗೆ ಕೀಟ ಪ್ರಯೋಗಾಲಯದಲ್ಲಿ ಕೆಲಸ. ಈ ಹೆಸರು ಬೀದಿಯವರು ಇಟ್ಟದ್ದು. ಎಲೆ ತಿಂದು ಬದುಕುವ ಪತಂಗದ ಮರಿಹುಳುಗಳಿಗೆ ಅವರು ಎಲೆಯೇ ಇಲ್ಲದ ಊಟ ಕಂಡುಹಿಡಿದಿದ್ದರು. ಕಡಲೆಹಿಟ್ಟು, ಯೀಸ್ಟು, ಅಂಟುಪುಡಿ ಕುದಿಸಿ, ಬಿಸಿ ಇಳಿದ ಮೇಲೆ ವಿಟಮಿನ್ನು ಬೆರೆಸಿ, ಗಟ್ಟಿಯಾದಾಗ ಚೌಕ ಚೌಕ ಕತ್ತರಿಸಿದರೆ ಮುಗಿಯಿತು. ಅದನ್ನು ನಿರ್ದೇಶಕಿಯವರು ಮೆಚ್ಚಿದರೆ ಹೊಸ ಹುಳುಸಾಕಣೆ ವಿಭಾಗಕ್ಕೆ ಸಾಹೇಬರೇ ಮುಖ್ಯಸ್ಥರು. ಮೆಚ್ಚದಿದ್ದರೆ ಮತ್ತೆ ಬುಟ್ಟಿ ಹಿಡಿದು ಎಲೆ ಕೀಳುವ ಕೆಲಸ.

"ಅಡುಗೆ ಅಂದ್ರೆ ಹೀಗಿರ್ಬೇಕು ಕಣೇ. ಒಂದು ಚೂರೂ ಬಿಡದೆ ತಿಂತಾವೆ! ಇದಕ್ಕೆ ನೋಡು, ಉಪ್ಪೇ ಸಾಲದು."

"ಹಾಗಾದ್ರೆ ನಾಳೆಯಿಂದ ನೀವೂ ಅದನ್ನೇ ತಿನ್ನಿ," ಎಂದಳು ಹೆಂಡತಿ.

ಅಷ್ಟರಲ್ಲಿ ಪ್ರಯೋಗಾಲಯಕ್ಕೆ ಬಣ್ಣ ಬಳಿಯುವವರು ಬಂದರು. ಆ ವಾಸನೆಗೆ ಹುಳುಗಳು ಸತ್ತರೆ ಸಾಹೇಬರ ಭವಿಷ್ಯವೂ ಸತ್ತಂತೆ! ಹುಳು ಸಾಕುವ ತಟ್ಟೆಗಳನ್ನೆಲ್ಲ ಮನೆಗೆ ಹೊತ್ತು ತಂದು ಇಸ್ತ್ರಿ ಮಾಡುವ ಕೋಣೆಯಲ್ಲಿ ಜೋಡಿಸಿದರು. ತಟ್ಟೆ ತುಂಬ ಪುಟ್ಟ ಗೂಡುಗಳು. ಗೂಡಿಗೊಂದೇ ಹುಳು, ಒಂದು ತುಂಡು ಊಟ.

ಮಗಳ ಮನೆಗೆ ಬಂದಿದ್ದ ಅತ್ತೆ ಇಣುಕಿ ನೋಡಿದರು. "ಅಳಿಯಂದ್ರೇ, ಒಂದೊಂದನ್ನೂ ಬೇರೆ ಬೇರೆ ಯಾಕೆ ಕೂಡಿ ಹಾಕಿದ್ದೀರಿ?"

"ಅದೆಲ್ಲ ವಿಜ್ಞಾನ, ಅತ್ತೆ. ನಿಮಗೆ ಅರ್ಥ ಆಗಲ್ಲ. ಮುಟ್ಟದಿದ್ರೆ ಸಾಕು."

"ಮಾತಿಗೊಂದು ಜೊತೆ ಇಲ್ಲ... ಪಾಪ!"

ಎಲೆಯಾದರೆ ದಿನಾ ಬದಲಿಸಬೇಕು. ಈ ಊಟವನ್ನು ಇಟ್ಟು ಮರೆತರೂ ನಡೆಯುತ್ತದೆ. ಸಾಹೇಬರು ನಿಶ್ಚಿಂತೆಯಿಂದ ಪರವೂರಿನ ಸಮ್ಮೇಳನಕ್ಕೆ ಹೊರಟರು. ಕೆಲವು ದಿನ ಬಿಟ್ಟು ಮರಳುವಾಗ ನಿರ್ದೇಶಕಿಯವರ ಕಾರಿನಲ್ಲೇ ಕೂತು, ದಾರಿಯುದ್ದಕ್ಕೂ ತಮ್ಮ ತುತ್ತೂರಿ ತಾವೇ ಊದಿಕೊಂಡು ಬಂದರು.

"ಬನ್ನಿ ಮೇಡಂ, ಕಣ್ಣಾರೆ ನೋಡಿ!" ಎಂದು ಕೋಣೆಯ ಬಾಗಿಲು ತೆರೆದರು.

ತಟ್ಟೆಗಳನ್ನೆಲ್ಲ ತೊಳೆದು ಬೋರಲು ಹಾಕಲಾಗಿತ್ತು. ನೆಲದ ಮೇಲೆ ತೆಳು ಬಟ್ಟೆ ಮುಚ್ಚಿದ ಒಂದು ದೊಡ್ಡ ಟಬ್ಬು!

"ಹು... ಹುಳುಗಳೆಲ್ಲಿ?"

"ಎಲ್ಲಾ ಇದರಲ್ಲೇ ಇದಾವೆ," ಎಂದರು ಅತ್ತೆ, ಹೆಮ್ಮೆಯಿಂದ. "ಒಂಟಿ ಕೂತು ಕೊರಗ್ತಿದ್ವು. ನೀವು ಹೋದ ದಿನಾನೇ ಒಟ್ಟಿಗೆ ಬಿಟ್ಟೆ. ನಿಮ್ಮ ಊಟಾನೂ ಪೂರ್ತಿ ಹಾಕಿದೀನಿ. ಒಂದೇ ಮನೆಯವು, ಹಂಚ್ಕೊಂಡು ತಿನ್ಲಿ!"

"ಅಯ್ಯೋ ಅತ್ತೆ! ಅವು ಜೊತೆ ಸಿಕ್ರೆ ಒಂದನ್ನೊಂದು ತಿಂದ್ಹಾಕ್ತಾವೆ!"

"ಅದನ್ನ ಅವತ್ತೇ ಹೇಳಿದ್ರೆ ನಿಮ್ಮ ವಿಜ್ಞಾನದ ಗಂಟೇನು ಹೋಗ್ತಿತ್ತು?" ಎಂದಳು ಹೆಂಡತಿ.

ಸಾಹೇಬರು ಬಟ್ಟೆ ಸರಿಸಿದರು. ಮೂಲೆಯಲ್ಲಿ ಒಂದೇ ಒಂದು ಹುಳು! ಹೆಬ್ಬೆರಳು ಗಾತ್ರದ ಅದು ಭರ್ಜರಿ ಊಟ ಮುಗಿಸಿದ ಬೀಗರ ಹಾಗೆ ಬಿದ್ದುಕೊಂಡಿತ್ತು. ಉಳಿದವೆಲ್ಲ ಅದರ ಹೊಟ್ಟೆಯಲ್ಲಿದ್ದವು, ಅಥವಾ ಅದು ತಿಂದವುಗಳ ಹೊಟ್ಟೆಯಲ್ಲಿ. ಆದರೆ ಬಿದ್ದರೂ ಮೀಸೆ ಮಣ್ಣಾಗಿಸಿಕೊಳ್ಳುವ ಆಸಾಮಿ ಸಾಹೇಬರಲ್ಲ.

"ಲೆಕ್ಕ ಬಿಡಿ ಮೇಡಂ, ಮೈಕಟ್ಟು ನೋಡಿ! ಇದೆಲ್ಲ ನನ್ನ ಊಟದ ಮಹಿಮೆ!"

ನಿರ್ದೇಶಕಿ ಚಿಮಟದಲ್ಲಿ ಟಬ್ಬಿನಿಂದ ಒಂದು ತುಂಡು ಊಟ ಎತ್ತಿ ತಿರುಗಿಸಿ ನೋಡಿದರು. ಇನ್ನೊಂದು ಎತ್ತಿದರು. ಮತ್ತೊಂದು. ಎಲ್ಲದರ ನಾಲ್ಕೂ ಮೂಲೆ ಕತ್ತರಿಸಿದಾಗ ಇದ್ದ ಹಾಗೇ ಇದ್ದವು.

"ಇದಕ್ಕೆ ಬಾಯೇ ಹಾಕಿಲ್ವಲ್ರೀ?"

"ಗೂಡಲ್ಲಿದ್ದಾಗ ಒಂದು ಚೂರೂ ಬಿಡ್ತಿರ್ಲಿಲ್ಲ ಮೇಡಂ, ನನ್ನಾಣೆ!"

"ಆಗ ಬೇರೆ ಗತಿ ಇರ್ಲಿಲ್ಲ, ತಿಂದ್ವು," ಎಂದಳು ಹೆಂಡತಿ.

ಅತ್ತೆ ಕೆನ್ನೆಗೆ ಕೈ ಹಚ್ಚಿ ನಿಟ್ಟುಸಿರು ಬಿಟ್ಟರು. "ಒಡಹುಟ್ಟಿದವ್ರನ್ನ ಬೇಕಾದ್ರೂ ತಿಂತೀವಿ, ಅಳಿಯಂದ್ರ ಅಡುಗೆ ಮಾತ್ರ ಬೇಡ ಅಂದ್ಬಿಟ್ವಲ್ಲಪ್ಪಾ!"

ನಿರ್ದೇಶಕಿಯವರು ನಗು ತಡೆಯಲಾರದೆ ಬಾಗಿಲು ಹಿಡಿದುಕೊಂಡರು. ಹೊರಡುವಾಗ ಕೇಳಿದ್ದು ಒಂದೇ ಮಾತು: "ಎಲೆ ಬುಟ್ಟಿ ಎಲ್ಲಿಟ್ಟಿದ್ದೀರಿ, ನೆನಪಿದೆಯಲ್ಲ?"

ಆ ಮಧ್ಯಾಹ್ನ ಸಾಹೇಬರು ಊಟಕ್ಕೆ ಕೂತರು. ಮೊದಲ ತುತ್ತಿಗೇ ಗೊತ್ತಾಯಿತು, ಉಪ್ಪೇ ಬಿದ್ದಿಲ್ಲ!

"ಹೇಗಿದೆ ರೀ?" ಎಂದಳು ಹೆಂಡತಿ.

ಸಾಹೇಬರು ಒಂದು ಚೂರೂ ಬಿಡದೆ ತಿಂದು, ತಟ್ಟೆ ಮುಂದಕ್ಕೆ ಸರಿಸಿದರು.

"ಇನ್ನೊಂಚೂರು ಬಡಿಸು."