ಮಾವ ಬಿಟ್ಟುಹೋದ ಪ್ಲೇಟು

ಮಾವನಾದವನು ಸಾಯುವ ಮುಂಚೆ ಅಳಿಯನಿಗೆ ಏನಾದರೂ ಬಿಟ್ಟುಹೋಗಬೇಕು ಎಂಬುದು ಶಹಾಪುರದ ಬಸವಂತರಾಯರ ಅಚಲ ಸಿದ್ಧಾಂತವಾಗಿತ್ತು. ಹೊಲವಾದರೆ ಉತ್ತಮ, ಬಂಗಾರವಾದರೆ ಅತ್ಯುತ್ತಮ. ಆದರೆ ಅವರ ಮಾವ, ಸುರಪುರದ ಮರಿಲಿಂಗಪ್ಪ ಮಾಸ್ತರರು, ಬಿಟ್ಟುಹೋದದ್ದು ಒಂದು ಗ್ರಾಮೋಫೋನು, ಒಂದಷ್ಟು ತಗಡಿನ ಕಿರೀಟ ಮತ್ತು ಇಲಿ ಕಡಿದ ಅರಮನೆಯ ಪರದೆ.

ಮಾಸ್ತರರೇನೂ ಸಾಮಾನ್ಯರಲ್ಲ. ತಾವೇ ಹಾಡು ಕಟ್ಟಿ, ತಾವೇ ರಾಗ ಹಾಕಿ, ಹಗಲೆಲ್ಲ ತಾವೇ ಊರು ತಿರುಗಿ ಡಂಗುರ ಸಾರಿ, ಸಂಜೆ ತಾವೇ ಟಿಕೀಟು ಹರಿದು, ಆಮೇಲೆ ಒಳಗೆ ಓಡಿಹೋಗಿ ತಾವೇ ರಾಜನಾಗಿ ನಿಲ್ಲುತ್ತಿದ್ದ ನಾಟಕ ಕಂಪನಿಯ ಮಾಲೀಕರು. ಯಾದಗಿರಿಯಿಂದ ಕೊಡೇಕಲ್‌ವರೆಗೆ ಬೀಸುವ ಕಲ್ಲಿನ ಮುಂದೆ ಕೂತ ಹೆಂಗಸರೂ ಬಂಡಿ ಹೊಡೆಯುವ ಗಂಡಸರೂ ಅವರ ಹಾಡನ್ನೇ ಗುನುಗುತ್ತಿದ್ದರು. ಕೊನೆಗಾಲದಲ್ಲಿ ಹೈದರಾಬಾದಿಗೆ ಹೋಗಿ ಗ್ರಾಮೋಫೋನಿನ ಪ್ಲೇಟಿಗೆ ಒಂದು ಹಾಡು ಹಾಡಿಬಂದಿದ್ದರು. ಯಾವ ಹಾಡು ಎಂದು ಕೇಳಿದರೆ, "ಬಂದಾಗ ಕೇಳೀರಂತ" ಎಂದು ಮೀಸೆಯೊಳಗೇ ನಕ್ಕರು. ಪ್ಲೇಟು ಬರುವ ಮೊದಲೇ ಮಾಸ್ತರರು ಹೊರಟುಹೋದರು.

ಪ್ಲೇಟು ಬಂತು. ಯಾದಗಿರಿಯ ಸ್ಟೇಷನ್ ಬಜಾರಿನಲ್ಲಿ ಗಡಿಯಾರ, ಗ್ರಾಮೋಫೋನು, ಪ್ಲೇಟು ಮಾರುವ, ಆ ಸೀಮೆಗೆಲ್ಲ ಒಬ್ಬನೇ ವ್ಯಾಪಾರಿ ಅಬ್ದುಲ್ ಕರೀಮ ಅದನ್ನು ಮೋಟಾರಿನ ಡ್ರೈವರನ ಕೈಯಲ್ಲಿ ಜೋಪಾನವಾಗಿ ಕಳಿಸಿದ್ದ. ರಾಯರ ಹೆಂಡತಿ ಶೇಖಮ್ಮ ಅದನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿದಳು. ರಾಯರಿಗೆ ಆಗ ಒಂದು ಭವ್ಯವಾದ ಆಲೋಚನೆ ಬಂತು. (ಅವರಿಗೆ ಆಲೋಚನೆ ಬಂದಾಗಲೆಲ್ಲ ಶೇಖಮ್ಮ ಬಾಗಿಲು ಭದ್ರ ಮಾಡುತ್ತಿದ್ದಳು, ಆ ದಿನ ಮರೆತಳು.) ತಹಸೀಲ ಕಚೇರಿಯಲ್ಲಿ ಅವರು ಬರಿಯ ಕಾರಕೂನರು. ಇಂಥ ಮಾವನ ಅಳಿಯನೆಂದು ನಾಲ್ಕು ಜನಕ್ಕೆ ಗೊತ್ತಾದರೆ ತೂಕ ಹೆಚ್ಚೀತು. ಆದ್ದರಿಂದ ತಮ್ಮ ಮೇಲಧಿಕಾರಿ ಪೇಶ್ಕಾರ ಸಾಹೇಬರನ್ನೂ ಕಚೇರಿಯವರನ್ನೂ ಓಣಿಯವರನ್ನೂ ಮನೆಗೆ ಕರೆದು, ಜಮಖಾನೆ ಹಾಸಿ, ತಾವೇ ಚಾವಿ ಕೊಟ್ಟು ಪ್ಲೇಟಿನ ಮೇಲೆ ಮುಳ್ಳು ಇಟ್ಟರು.

ಮೊದಲು ಹಾರ್ಮೋನಿಯಂ ಪೇಟಿಯ ಸ್ವರ ಬಂತು. ಹಿಂದೆಯೇ ಮಾಸ್ತರರ ತುಂಬುದನಿಯ ಆಲಾಪ. ಶೇಖಮ್ಮ ಸೆರಗನ್ನು ಬಾಯಿಗೊತ್ತಿ ಅತ್ತೇಬಿಟ್ಟಳು. "ಅಪ್ಪ ಇಲ್ಲೇ ಕುಂತಂಗ ಐತ್ರಿ" ಎಂದಳು. ರಾಯರ ಕಣ್ಣೂ ಒದ್ದೆಯಾಯಿತು. ಅಷ್ಟರಲ್ಲಿ ಹಾಡು ಶುರುವಾಯಿತು:

"ಪಂಚಮಿಗಿ ಬಂದಾನ ಅಳಿಯ, ದೀಪಾವಳಿಗೂ ಹೊಂಟಿಲ್ಲ,
ಒಲ್ಲೆ ಒಲ್ಲೆ ಅಂತಾನ, ತಾಟಿಗಿ ಅಡ್ಡ ಕೈಯಿಲ್ಲ!"

ಪೇಶ್ಕಾರ ಸಾಹೇಬರ ಮೀಸೆ ಅಲುಗಾಡಿತು. ಓಣಿಯ ಹೆಂಗಸರು ಒಬ್ಬರನ್ನೊಬ್ಬರು ಚಿವುಟಿದರು. ಆದರೂ ಹೆಸರು ಹೇಳಿಲ್ಲವಲ್ಲ ಎಂದು ರಾಯರು ಬೆವರು ಒರೆಸಿಕೊಳ್ಳುತ್ತಿದ್ದಾಗ ಹಾಡು ಮುಗಿಯಿತು. ಆ ಕಾಲದಲ್ಲಿ ಹಾಡಿದವರು ಕಡೆಗೆ ತಮ್ಮ ಹೆಸರನ್ನು ಸಾರಿಹೇಳುವ ಪದ್ಧತಿ. ಮಾಸ್ತರರೂ ಕಂಚಿನ ಕಂಠದಲ್ಲಿ ಸಾರಿದರು: "ಮರಿಲಿಂಗಪ್ಪ ಮಾಸ್ತರ, ಸುರಪುರ! ನಮ್ಮ ಶಹಾಪುರದ ಅಳಿಯದೇವ್ರಿಗೆ ಶರಣ್ರೀ!"

ಜಮಖಾನೆಯ ಮೇಲೆ ನಗೆಯ ಪ್ರಳಯವಾಯಿತು.

ಮರುದಿನ ಕಚೇರಿಯಲ್ಲಿ ಯಾರೋ ಚಹಾ ತಂದರು. ರಾಯರು "ಒಲ್ಲೆ" ಎಂದರು. ಇಡೀ ಕಚೇರಿ ಲೇಖನಿ ಕೆಳಗಿಟ್ಟು ಅವರ ಕೈ ಎಲ್ಲಿದೆಯೆಂದು ನೋಡಿತು.

"ನಿಮ್ಮಪ್ಪ ನನ್ನ ಮರ್ಯಾದಿ ತೆಗದು ಪ್ಲೇಟಿನ ಮ್ಯಾಲ ಕೆತ್ತಿಸ್ಯಾನ!" ಎಂದು ರಾಯರು ಮನೆಗೆ ಬಂದು ರುಮಾಲು ಎಸೆದರು.

"ನಿಮ್ಮ ಹೆಸರೆಲ್ಲಿ ಹೇಳ್ಯಾರ? ಊರಾಗ ನೀವೊಬ್ರ ಏನು ಅಳಿಯ?"

"ಶಹಾಪುರದಾಗ ಮಾಸ್ತರಗ ಮತ್ಯಾರದಾರ ಅಳಿಯ? ಹೇಳು ನೋಡೂಣು!"

"ಬ್ಯಾರೇ ಯಾರೂ ಇಲ್ಲ ಬಿಡ್ರಿ. ಆದ್ರ ಪಂಚಮಿಗಿ ಬಂದು ದೀಪಾವಳಿ ಮುಗಿದರೂ ನೀವು ಹೊರಡಲಿಲ್ಲ ಅಂಬೋದು ಸುಳ್ಳೇನು?"

"ಚಳಿಜ್ವರ ಬಂದಿತ್ತು!"

(ಬಂದಿದ್ದು ನಿಜ. ಹೋಳಿಗೆಯ ಹೊತ್ತಿಗೆ ಸರಿಯಾಗಿ ಇಳಿಯುತ್ತಿದ್ದುದೂ ನಿಜ.)

ಪ್ಲೇಟನ್ನು ಒಡೆದುಹಾಕಿದ್ದರೆ ಕಥೆ ಮುಗಿಯುತ್ತಿತ್ತು. ಆದರೆ ಶೇಖಮ್ಮ ದಿನಾ ಸಂಜೆ ದೀಪ ಹಚ್ಚಿದ ಮೇಲೆ ಅದನ್ನು ಕೇಳುತ್ತಿದ್ದಳು. ಕೇಳುವಾಗ ಅವಳ ಮುಖ ಹುಡುಗಿಯ ಮುಖದಂತಾಗುತ್ತಿತ್ತು. ರಾಯರು ಏನೇ ಇರಲಿ, ಹೆಂಡತಿಯನ್ನು ಪ್ರೀತಿಸುತ್ತಿದ್ದರು. ಆ ದನಿಯನ್ನು ಅವಳಿಂದ ಕಿತ್ತುಕೊಳ್ಳಲು ಅವರ ಕೈ ಏಳಲಿಲ್ಲ. ಮನೆಯ ಪ್ಲೇಟು ಮನೆಯಲ್ಲಿರಲಿ, ಜಗತ್ತಿನ ಬೇರಾವ ಕಿವಿಗೂ ಈ ಹಾಡು ಬೀಳದಿದ್ದರೆ ಸಾಕೆಂದು ತೀರ್ಮಾನಿಸಿ, ಶೇರವಾನಿ ಹೊಲಿಸಲು ಕೂಡಿಟ್ಟ ಹಣವನ್ನು ಸೊಂಟಕ್ಕೆ ಕಟ್ಟಿಕೊಂಡು ಯಾದಗಿರಿಯ ಮೋಟಾರು ಹತ್ತಿದರು.

"ಮಾಸ್ತರ ಸಾಹೇಬರ ಪ್ಲೇಟು ಎಷ್ಟದಾವ?" ಎಂದು ಕರೀಮನನ್ನು ಕೇಳಿದರು.

"ನಿನ್ನೆನ ಗಟ್ಟಾ ಬಂದೈತ್ರಿ ರಾಯಸಾಬ. ಇನ್ನಾ ಬಿಚ್ಚಿಲ್ಲ. ಒಂದು ಕೊಡ್ಲಿ?"

"ಎಲ್ಲಾ ಕೊಡು."

ಕರೀಮನ ಕಣ್ಣಲ್ಲಿ ನೀರೇ ಬಂತು. "ಅಲ್ಲಾ! ಮಾವನ ಮ್ಯಾಲ ಇಷ್ಟು ಮೊಹಬ್ಬತ್ ಇಟ್ಟ ಅಳಿಯನ್ನ ನಾ ಕಂಡಿಲ್ರಿ!" ಎಂದು ಮುಳ್ಳಿನ ಒಂದು ಡಬ್ಬಿಯನ್ನು ಪುಕ್ಕಟೆ ಕೊಟ್ಟು ಕಳಿಸಿದ.

ಕಚೇರಿಯ ದಫ್ತರವೆಂದು ಸುಳ್ಳು ಹೇಳಿ ರಾಯರು ಗಂಟನ್ನು ಒಳಗೆ ತಂದರು, ಜೋಳದ ಚೀಲಗಳ ಹಿಂದೆ ಸೇರಿಸಿದರು, ಅಂದು ಬಹಳ ದಿನದ ಮೇಲೆ ಹೊಟ್ಟೆ ತುಂಬ ಉಂಡರು. ಆದರೆ ಮನೆಯಲ್ಲಿ ಜೋಳ ಇರುವುದೇ ತೆಗೆಯಲಿಕ್ಕೆ. ಒಂದು ಬೆಳಗ್ಗೆ ಶೇಖಮ್ಮ ಮೊರ ಹಿಡಿದು ಒಳಗೆ ಹೋದವಳು ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ರಾಯರು ಇಣುಕಿ ನೋಡಿದರೆ ಗಂಟು ಬಿಚ್ಚಿ ಕೂತಿದ್ದಾಳೆ, ಕೆನ್ನೆಯ ಮೇಲೆ ನೀರು ಇಳಿಯುತ್ತಿದೆ.

"ಏನ್ರಿ ಇವು?"

"ಅವು... ಅಂದ್ರ..."

"ನನಗ ತಿಳೀತು ಬಿಡ್ರಿ. ಮ್ಯಾಲ ಮ್ಯಾಲ ಬಯ್ದಂಗ ಮಾಡಿ, ಒಳಗ ನಮ್ಮಪ್ಪನ ಮ್ಯಾಲ ಇಷ್ಟು ಜೀವ ಇಟಗೊಂಡೀರಿ! ಶೇರವಾನಿ ಬಿಟ್ಟು ಪ್ಲೇಟು ತಂದೀರಿ! ನಾ ಸುಮ್ಮ ನಿಮಗ ಏನೇನೋ ಅಂದೆ."

ನಿಜ ಹೇಳಲು ರಾಯರು ಬಾಯಿ ತೆರೆದರು. ಅವಳ ಮುಖ ನೋಡಿದರು. "ಹೌದು... ಅವರ ಕಂಠ ಹಾಳಾಗಬಾರದು ನೋಡು" ಎಂದರು. ಮದುವೆಯಾದ ಮೇಲೆ ಮೊದಲ ಸಲ ಶೇಖಮ್ಮ ಅವರ ಕಾಲು ಮುಟ್ಟಿ ನಮಸ್ಕರಿಸಿದಳು. ರಾಯರಿಗೆ ನಾಚಿಕೆಯೂ ಆಯಿತು, ಒಂದು ನಮೂನೆ ಸುಖವೂ ಆಯಿತು.

ಸುಖ ಮಾಸ್ತರರ ವರ್ಷದ ಪುಣ್ಯತಿಥಿಯವರೆಗೆ ಬಾಳಿತು. ಅಂದು ಊಟ ಮುಗಿಸಿ ಹೊರಟ ಹತ್ತಿಕುಣಿಯವರಿಗೆ, ಕೊಂಕಲ್‌ನವರಿಗೆ, ಕೊಡೇಕಲ್‌ನವರಿಗೆ, ಹೀಗೆ ತವರಿನ ಬಳಗಕ್ಕೆಲ್ಲ ಶೇಖಮ್ಮ ಮನೆಗೊಂದರಂತೆ ಪ್ಲೇಟು ಕೊಟ್ಟಳು. "ಇದು ಇವರು ತಂದದ್ದು" ಎಂದು ಪ್ರತಿಯೊಬ್ಬರಿಗೂ ಹೇಳಿದಳು. ಬಳಗವೆಲ್ಲ ರಾಯರನ್ನು ಹೊಗಳಿತು. ರಾಯರಿಗೆ ಒಮ್ಮೆ ಗಾಬರಿಯಾದರೂ ಮರುಗಳಿಗೆ ಸಮಾಧಾನವಾಯಿತು. ಇವರಲ್ಲಿ ಒಬ್ಬರ ಮನೆಯಲ್ಲೂ ಗ್ರಾಮೋಫೋನಿಲ್ಲ. ಪೆಟ್ಟಿಗೆಯಿಲ್ಲದ ಪ್ಲೇಟು ಗಡಿಗೆಯ ಬಾಯಿ ಮುಚ್ಚಲಿಕ್ಕೆ ಸರಿ!

ಗ್ರಾಮೋಫೋನು ತಮ್ಮ ಮನೆಯಲ್ಲಿದೆ ಎಂಬುದನ್ನು ರಾಯರು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಮೊದಲು ಬಂದವಳು ಶೇಖಮ್ಮನ ಸೋದರತ್ತೆ, ಕೊಡೇಕಲ್‌ನ ಸುಗಲಮ್ಮ. ಇಳಕಲ್ ಸೀರೆಯ ತುಂಡಿನಲ್ಲಿ ಪ್ಲೇಟು ಸುತ್ತಿ ಕಂಕುಳಲ್ಲಿ ಹಿಡಿದಿದ್ದಳು, ಹಿಂದೆ ಮನೆಮಂದಿಯೆಲ್ಲ. ಅವರು ಪ್ಲೇಟು ಬಿಚ್ಚುವ ಮೊದಲೇ ಹತ್ತಿಕುಣಿಯ ಬಂಡಿ ಬಂತು, ಅದರ ಎತ್ತಿಗೆ ಮೇವು ಹಾಕುವಷ್ಟರಲ್ಲಿ ಕೊಂಕಲ್‌ನದು. ಒಂದು ಪ್ಲೇಟು ಹಚ್ಚಿದರೆ ಉಳಿದವರಿಗೆ ಸಿಟ್ಟು.

"ಎಲ್ಲಾ ಪ್ಲೇಟಿನ್ಯಾಗೂ ಅದ ಹಾಡ ಐತ್ರಿ" ಎಂದು ರಾಯರು ಕೈಮುಗಿದರು.

"ಇದ್ರ ಇರಲಿ. ಹತ್ತಿಕುಣಿಯವರದು ಹಚ್ಚೀರಿ, ನಮ್ಮದ್ಯಾಕ ಹಚ್ಚಂಗಿಲ್ಲ? ನಮ್ಮಣ್ಣ ನಮ್ಮ ಪ್ಲೇಟಿನ್ಯಾಗ ಇನ್ನಾ ಛಂದ ಹಾಡ್ಯಾನ" ಎಂದಳು ಸುಗಲಮ್ಮ.

ಹೀಗೆ ತಮ್ಮ ಮಾನಹರಣಕ್ಕೆ ರಾಯರು ತಾವೇ ಚಾವಿ ಕೊಡುತ್ತ ಕೂತರು. ಕೊನೆಗೊಮ್ಮೆ ಪೆಟ್ಟಿಗೆಯೊಳಗೆ ಟಣ್ ಎಂದು ಸದ್ದಾಯಿತು. ಸ್ಪ್ರಿಂಗು ಕಡಿದಿತ್ತು. ದೇವರಿದ್ದಾನೆ ಎಂದು ರಾಯರಿಗೆ ಖಾತ್ರಿಯಾಯಿತು. "ಅಯ್ಯೋ, ಮುರದ ಹೋತಲ್ಲ! ಇನ್ನ ಎಲ್ಲಾರೂ ಊರ ಕಡೆ ನಡೀರೆಪಾ" ಎಂದರು, ಆದಷ್ಟು ದುಃಖದಿಂದ.

ಯಾರೂ ಏಳಲಿಲ್ಲ. ಸುಗಲಮ್ಮನ ಪ್ಲೇಟು ಇನ್ನೂ ಕಂಕುಳಲ್ಲೇ ಇತ್ತು. ಮುದುಕಿಯ ಮುಖ ಸಣ್ಣದಾಯಿತು. "ಅಷ್ಟು ದೂರದಿಂದ ಬಂದು ನಮ್ಮ ಪ್ಲೇಟಿನ್ಯಾಗಿನ ಅಣ್ಣನ ಹಾಡು ಕೇಳಲಾರದ ಹ್ಯಾಂಗ ಹೋಗಲಿ? ಅಳಿಯದೇವ್ರ, ನಿಮಗ ಬಾಯಿಪಾಠ ಆಗಿರಬೇಕಲ್ಲ. ನೀವ ಹಾಡ್ರಿ."

"ನಾನೇ?"

ಶೇಖಮ್ಮ ಸೆರಗು ಸರಿಮಾಡಿಕೊಂಡಳು. ಪರದೆ ಏಳುವುದನ್ನು ಕಾಯುವ ಹುಡುಗಿಯಂತೆ ಅವರನ್ನೇ ನೋಡುತ್ತ ಕೂತಳು.

ಬಸವಂತರಾಯರು ರುಮಾಲು ಸರಿಮಾಡಿಕೊಂಡರು, ಕೆಮ್ಮಿದರು, ಎದ್ದು ನಿಂತು ಪಂಚಮಿಗೆ ಬಂದ ಅಳಿಯನ ಹಾಡನ್ನು ಕಂಠ ಬಿಟ್ಟು ಹಾಡಿದರು. ಜನ ಬಿದ್ದು ಬಿದ್ದು ನಕ್ಕರು. ಒಂದು ನುಡಿ ಮುಗಿಯುವಷ್ಟರಲ್ಲಿ ರಾಯರಿಗೂ ನಗು ತಡೆಯಲಿಲ್ಲ. ಮುಗಿದಾಗ ಸುಗಲಮ್ಮ ಕಣ್ಣೊರೆಸಿಕೊಂಡು ತನ್ನ ಪ್ಲೇಟನ್ನು ಬಿಚ್ಚಿ ಅವರ ಕೈಗಿಟ್ಟಳು.

"ಇದು ನಮಗ್ಯಾಕ ಬೇಕು? ಇಟಗೋರಿ. ಬರೂ ಸೋಮವಾರ ಕೊಡೇಕಲ್‌ಗೆ ನೀವ ಬಂದುಬಿಡ್ರಿ. ಊರಮಂದಿಗೆಲ್ಲಾ ಹೇಳಿ ಇಟ್ಟಿರ್ತೀನಿ."